ಓವರ್ಟನ್ ಕಾರವಾರವಾದ ಬಗೆ

ಪುತ್ತೂರು, ಸುಳ್ಯ, ಕಡಬ ಮೂರೂ ಕಡಲು ಕಾಣದ ತಾಲೂಕುಗಳು. ಪುತ್ತೂರಿನಿಂದ ಮಂಗಳೂರಿಗೆ ಐವತ್ತು ಚಿಲ್ಲರೆ ಕಿಲೋಮೀಟರು, ಸುಳ್ಯ ಕಡಬದವರಿಗೆ ಅದಕ್ಕಿಂತ ದೂರ. ಬಂಗುಡೆ ಬೂತಾಯಿ ಹೊತ್ತು ಘಟ್ಟದ ಬುಡಕ್ಕೆ ಬರುವ ಗಾಡಿಗಳನ್ನು ಬಿಟ್ಟರೆ ಕಡಲಿನೊಂದಿಗೆ ಇಲ್ಲಿನವರಿಗೆ ನೇರ ವ್ಯವಹಾರವಿಲ್ಲ ಅಂತ ಅನ್ನಿಸಬಹುದು. ಆದರೆ ಪುತ್ತೂರಿನ ಗೇರುಬೀಜದ ಕಾರ್ಖಾನೆಗಳಿಗೆ ಊರಿನ ಬೀಜ ಸಾಲದು. ಆಫ್ರಿಕಾದ ಕಚ್ಚಾ ಬೀಜ ಪಣಂಬೂರಿನ ಬಂದರಿನಲ್ಲಿ ಇಳಿದು ಮೇಲೆ ಬರಬೇಕು. ಅಡಕೆ ತೋಟಕ್ಕೆ ಹಾಕುವ ಪೊಟ್ಯಾಷ್ ಬಹುಪಾಲು ಹೊರದೇಶದ್ದು. ಉಪ್ಪಿನಂಗಡಿ, ನೆಲ್ಯಾಡಿ ದಾಟಿ ಶಿರಾಡಿ ಘಾಟಿ ಹತ್ತುವ ಬುಲೆಟ್ ಟ್ಯಾಂಕರುಗಳ ಅನಿಲದಲ್ಲೂ ಬಹುಪಾಲು ಹಡಗಿನಲ್ಲಿ ಬಂದದ್ದೇ.

ಇಂಥ ಒಂದು ಬಂದರಿನ ಬಾಗಿಲು ಹಾಕಿಸಲು ದೊಡ್ಡ ನೌಕಾಪಡೆ ಬೇಕಾಗಿಲ್ಲ. ಹಡಗುಗಳು ಒಳಗೆ ಬರಲೆಂದು ಹೂಳೆತ್ತಿ ಆಳ ಮಾಡಿದ ಕಾಲುವೆಯ ತಳದಲ್ಲಿ ನಾಲ್ಕೈದು ಮೈನುಗಳನ್ನು, ಅಂದರೆ ನೀರಿನಡಿಯ ಸಿಡಿಗುಂಡುಗಳನ್ನು, ಇಟ್ಟರೆ ಆಯಿತು. ಇಟ್ಟಿದ್ದಾರೆ ಎಂಬ ಸುದ್ದಿ ಹಬ್ಬಿದರೂ ಹೆಚ್ಚುಕಡಿಮೆ ಅದೇ ಫಲ. ವಿಮಾ ಕಂಪನಿ ಕಂತು ಏರಿಸುತ್ತದೆ, ಹಡಗಿನ ಕಪ್ತಾನ ಲಂಗರು ಹಾಕಿ ಹೊರಗೇ ನಿಲ್ಲುತ್ತಾನೆ. ಅಲ್ಲಿ ಮೈನು ಇಲ್ಲ ಎಂದು ಯಾರಾದರೂ ಹೋಗಿ ನೋಡಿ ಹೇಳುವ ತನಕ ಬಂದರು ಬಂದರಲ್ಲ. ಹೀಗೆ ಹೋಗಿ ನೋಡುವುದಕ್ಕೆಂದೇ ಹುಟ್ಟಿದ ಹಡಗುಗಳ ಕುಲವೊಂದಿದೆ. ಆ ಕುಲದ ನಾಲ್ಕಾರು ಹಡಗುಗಳಿಗೆ ನಮ್ಮ ಕರಾವಳಿಯ ಹೆಸರುಗಳಿದ್ದವು: ಕಾರವಾರ, ಭಟ್ಕಳ, ಮಲ್ಪೆ, ಮುಲ್ಕಿ. ಮೈನು ತೆಗೆಯುವ ಹಡಗುಗಳಿಗೆ ಸಣ್ಣ ಬಂದರುಗಳ ಹೆಸರಿಡುವುದು ಭಾರತೀಯ ನೌಕಾಪಡೆಯ ಪದ್ಧತಿ. ಇವುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಮಾತ್ರ ಬೇರೆಯವರ ಕಡಲ ದಂಡೆಯಲ್ಲಿ.

ಅರಬ್ಬಿ ಸಮುದ್ರಕ್ಕೆ ಮೈನು ಹೊಸತಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ 'ವೋಲ್ಫ್' ಎಂಬ ಜರ್ಮನ್ ಹಡಗು ಸಾಮಾನು ಸಾಗಿಸುವ ಹಡಗಿನ ವೇಷ ಹಾಕಿಕೊಂಡು ಆಫ್ರಿಕಾ ಸುತ್ತಿ ಬಂದು, 1917ರ ಆರಂಭದಲ್ಲಿ ಕೊಲಂಬೊ ಮತ್ತು ಮುಂಬಯಿಯ ಹೊರಗೆ ಮೈನು ಬಿತ್ತಿ ಹೋಯಿತು. ಅದು ಹೋಗಿ ತಿಂಗಳುಗಳಾದ ಮೇಲೆ, ಆ ಜೂನಿನಲ್ಲಿ, 'ಮಂಗೋಲಿಯಾ' ಎಂಬ ಪ್ರಯಾಣಿಕರ ಹಡಗು ಮುಂಬಯಿಯ ಸಮೀಪ ಆ ಮೈನಿಗೆ ಬಡಿದು ಮುಳುಗಿತು. ಬಿತ್ತಿದವನು ಆಗ ಯಾವ ಕಡಲಲ್ಲಿದ್ದನೋ! ಮೈನಿನ ಕ್ರೌರ್ಯವೂ ಇದೇ, ಅಗ್ಗವೂ ಇದೇ: ಇಟ್ಟವನು ಕಾಯಬೇಕಿಲ್ಲ.

1950ರ ಅಕ್ಟೋಬರಿನಲ್ಲಿ ಉತ್ತರ ಕೊರಿಯಾದ ವೊನ್ಸಾನ್ ಬಂದರಿನಲ್ಲಿ ಅಮೆರಿಕ ಸೇನೆ ಇಳಿಸಲು ಹೊರಟಿತು. ಬಂದರಿನ ಮುಂದೆ ಸುಮಾರು ಮೂರು ಸಾವಿರ ಮೈನುಗಳು. ಎಷ್ಟೋ ಮೈನುಗಳು ಹಳೇ ಕಾಲದ ವಿನ್ಯಾಸದವು. ಇಟ್ಟದ್ದು ನಾಡದೋಣಿಗಳಂಥ ದೋಣಿಗಳಿಂದ. ಜಗತ್ತಿನ ಅತಿ ಬಲಿಷ್ಠ ನೌಕಾಪಡೆ ಹೊರಗೆ ದಿನಗಟ್ಟಲೆ ಅತ್ತಿತ್ತ ಓಡಾಡುತ್ತ ಉಳಿಯಿತು. ದಾರಿ ಬಿಡಿಸುವಾಗ ಮೈನು ಗುಡಿಸುವ ಹಡಗುಗಳಾದ ಮೈನ್‌ಸ್ವೀಪರ್‌ಗಳೂ ಸಿಡಿದು ಮುಳುಗಿದವು. ಈ ಪಾಠ ಕಲಿತ ಬ್ರಿಟನ್ ಗಡಿಬಿಡಿಯಲ್ಲಿ ನೂರಕ್ಕೂ ಹೆಚ್ಚು ಸಣ್ಣ ಮೈನ್‌ಸ್ವೀಪರ್‌ಗಳನ್ನು ಕಟ್ಟಿಸಿತು. ಎಲ್ಲಕ್ಕೂ 'ಟನ್' ಎಂದು ಕೊನೆಗೊಳ್ಳುವ ಊರುಗಳ ಹೆಸರು. ವರ್ಗದ ಹೆಸರೂ ಅದೇ, ಟನ್ ವರ್ಗ. 1956ರಲ್ಲಿ ಭಾರತ ಇವುಗಳಲ್ಲಿ ನಾಲ್ಕನ್ನು ಕೊಂಡಿತು. ವಿಟ್ಟನ್ ಎಂಬುದು ಕಣ್ಣಾನೂರು ಆಯಿತು, ವೆನಿಂಗ್ಟನ್ ಕಡಲೂರು, ಡರ್ವೆಸ್ಟನ್ ಕಾಕಿನಾಡ, ಓವರ್ಟನ್ ಕಾರವಾರ. ಹ್ಯಾಂಪ್‌ಶೈರಿನಲ್ಲಿ ಓವರ್ಟನ್ ಎಂಬ ಹಳ್ಳಿಯೊಂದಿದೆ, ಬ್ಯಾಂಕ್ ಆಫ್ ಇಂಗ್ಲೆಂಡಿನ ನೋಟಿನ ಕಾಗದ ಮಾಡುತ್ತಿದ್ದ ಊರು. ಅದೇ ಹೆಸರಿನ ಹಳ್ಳಿಗಳು ಇಂಗ್ಲೆಂಡಿನಲ್ಲಿ ಇನ್ನೂ ಹಲವು.

ಹಡಗು ಒಂದು ನೌಕಾಪಡೆಯಿಂದ ಇನ್ನೊಂದಕ್ಕೆ ಹೋಗುವ ವಿಧಿ ಒಂದು ಮಧ್ಯಾಹ್ನದ್ದು. ಹಳೇ ಬಾವುಟ ಇಳಿಯುತ್ತದೆ, ಹೊಸತು ಏರುತ್ತದೆ, ಕಾಗದಕ್ಕೆ ರುಜು ಬೀಳುತ್ತದೆ. ಯುದ್ಧನೌಕೆಗಳ ಚರಿತ್ರೆ ಬರೆಯುವವರು ಇಷ್ಟಕ್ಕೆ ಒಂದು ತಾರೀಕು ಹಾಕಿ ಮುಂದೆ ಹೋಗುತ್ತಾರೆ. ನನಗೆ ಕುತೂಹಲ ಆ ತಾರೀಕಿನ ಆಚೆಯದು. ಬೇರೆ ಯಾವ ಯುದ್ಧನೌಕೆಯಾದರೂ ಸರಿ, ಕಡಲು ಬದಲಾದರೆ ಅಷ್ಟೇನೂ ತೊಂದರೆ ಇಲ್ಲ. ಮೈನು ತೆಗೆಯುವ ಹಡಗು ಹಾಗಲ್ಲ. ಅದರ ಇಡೀ ಬದುಕು ನಿಂತಿರುವುದು ತಾನಿರುವ ನೀರಿಗೆ, ತಾನಿರುವ ನೆಲದ ಕಾಂತಕ್ಕೆ ತನ್ನನ್ನು ಹೊಂದಿಸಿಕೊಳ್ಳುವುದರ ಮೇಲೆ. ಹೊಂದಿಕೆ ತಪ್ಪಿದರೆ ಹುಡುಕಲು ಹೋದದ್ದೇ ಬಲಿ.

ಯಾಕೆ ಎಂದು ನೋಡಲು 1939ಕ್ಕೆ ಹೋಗಬೇಕು. ಅದುವರೆಗಿನ ಹೆಚ್ಚಿನ ಮೈನುಗಳು ಮುಟ್ಟಿದರೆ ಸಿಡಿಯುವಂಥವು; ತಳದ ತೂಕದ ಕಲ್ಲಿಗೆ ಸರಪಳಿಯಿಂದ ಕಟ್ಟಿ ನೀರಿನ ನಡುವೆ ತೇಲಿಬಿಟ್ಟ ಕೊಂಬಿನ ಗುಂಡುಗಳು. ಆ ವರ್ಷ ಬ್ರಿಟನ್ನಿನ ಹಡಗುಗಳು ಯಾವುದಕ್ಕೂ ತಾಗದೆ ಸಿಡಿಯತೊಡಗಿದವು. ನವೆಂಬರಿನಲ್ಲಿ ಜರ್ಮನ್ ವಿಮಾನವೊಂದು ಬೀಳಿಸಿದ ಮೈನು ಥೇಮ್ಸ್ ನದಿಯ ಬಾಯಿಯಲ್ಲಿ, ಷೂಬರಿನೆಸ್ ಎಂಬಲ್ಲಿ, ನೀರಿಗೆ ಬೀಳುವ ಬದಲು ಇಳಿತದ ಕೆಸರಿನ ಮೇಲೆ ಕೂತಿತು. ಜಾನ್ ಓವ್ರಿ ಎಂಬ ಅಧಿಕಾರಿ ಹಿತ್ತಾಳೆಯ ಹತ್ಯಾರು ಹಿಡಿದು ಅದನ್ನು ಬಿಚ್ಚಿದ. ಒಳಗೆ ಸಿಕ್ಕಿದ್ದು ಒಂದು ಸೂಕ್ಷ್ಮ ಕಾಂತಸೂಜಿ. ಮೇಲೆ ಹಡಗು ಹಾದಾಗ ಭೂಮಿಯ ಕಾಂತಕ್ಷೇತ್ರದಲ್ಲಿ ಆಗುವ ಕಿಂಚಿತ್ತು ಏರುಪೇರಿಗೇ ಅದು ಓಲಾಡಿ ವಿದ್ಯುತ್ತಿನ ಕೊಂಡಿ ಮುಚ್ಚುತ್ತಿತ್ತು.

ಅಂದರೆ ಪ್ರತಿ ಉಕ್ಕಿನ ಹಡಗೂ ಒಂದು ದೊಡ್ಡ ಆಯಸ್ಕಾಂತ. ಆಯಸ್ಕಾಂತವಾದದ್ದು ಎಲ್ಲಿ? ಹುಟ್ಟಿದ ಜಾಗದಲ್ಲಿ. ಕಾಯಿಸಿದ ಕಬ್ಬಿಣವನ್ನು ಉತ್ತರ–ದಕ್ಷಿಣವಾಗಿ ಹಿಡಿದು ಬಡಿದರೆ ಅದು ಕಾಂತವಾಗುತ್ತದೆ ಎಂದು ವಿಲಿಯಂ ಗಿಲ್ಬರ್ಟ್ 1600ರಲ್ಲೇ ಬರೆದ. ಅವನ ಪುಸ್ತಕದಲ್ಲಿ ಕಮ್ಮಾರನೊಬ್ಬ ಅಡಿಗಲ್ಲಿನ ಮೇಲೆ ಕಬ್ಬಿಣ ಬಡಿಯುವ ಚಿತ್ರವೂ ಇದೆ. ಪುತ್ತೂರಿನ ಕುಲುಮೆಯಲ್ಲಿ ಕತ್ತಿ ಬಡಿಯುವ ಆಚಾರಿಯೂ ಗೊತ್ತಿಲ್ಲದೆ ಇದನ್ನೇ ಮಾಡುತ್ತಾನೆ. ಹೊಡೆತ ಬಿದ್ದಾಗಲೆಲ್ಲ ಕಬ್ಬಿಣದೊಳಗಿನ ಕಾಂತ ವಲಯಗಳು ಅಲುಗಿ, ಆ ಊರಿನ ಭೂಕಾಂತದ ದಿಕ್ಕಿಗೆ ಸ್ವಲ್ಪ ಸ್ವಲ್ಪವೇ ತಿರುಗಿ ಅಲ್ಲೇ ನಿಲ್ಲುತ್ತವೆ. ಹಡಗುಕಟ್ಟೆಯಲ್ಲಿ ವರ್ಷಗಟ್ಟಲೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತು, ಬೆಸುಗೆ, ಬಡಿತಗಳನ್ನೆಲ್ಲ ತಿಂದ ಒಡಲಿನಲ್ಲಿ ಆ ಜಾಗದ ಕಾಂತ ಅಚ್ಚೊತ್ತಿಬಿಡುತ್ತದೆ. ಬಾವುಟ ಬದಲಿಸಿದರೆ ಅದು ಹೋಗುವುದಿಲ್ಲ.

ಟನ್ ವರ್ಗ ಕಟ್ಟಿದವರು ಕಂಡುಕೊಂಡ ಉಪಾಯ ಕಬ್ಬಿಣವನ್ನೇ ಬಿಡುವುದು. ಸುಮಾರು 46 ಮೀಟರು ಉದ್ದದ ಈ ಹಡಗುಗಳ ಹೊರಮೈ ಎರಡು ಪದರದ ಮಹಾಗನಿ ಹಲಗೆ, ಒಳಗಿನ ಪಕ್ಕೆಲುಬು ಅಲ್ಯೂಮಿನಿಯಂ. ಬಹುತೇಕ ಹಡಗುಗಳಲ್ಲಿ ಇದ್ದದ್ದು ನೇಪಿಯರ್ ಕಂಪನಿಯ ಡೆಲ್ಟಿಕ್ ಎಂಜಿನ್: ಸಿಲಿಂಡರುಗಳನ್ನು ತ್ರಿಕೋನದಲ್ಲಿ ಜೋಡಿಸಿದ, ಹಗುರ ಲೋಹ ಹೆಚ್ಚು ಬಳಸಿದ ವಿಚಿತ್ರ ಯಂತ್ರ. ಇದೇ ಮುಂದೆ ಬ್ರಿಟನ್ನಿನ ವೇಗದ ರೈಲುಗಳನ್ನೂ ಎಳೆಯಿತು. ಮರದ ಯುದ್ಧನೌಕೆ ಎಂದರೆ ನಮ್ಮ ಘಟ್ಟಕ್ಕೆ ಹಳೇ ನಂಟು. ಹಾಯಿ ಹಡಗುಗಳ ಕಾಲದಲ್ಲಿ ದಕ್ಷಿಣ ಕೆನರಾ ಮತ್ತು ಕೊಡಗಿನ ಕಾಡುಗಳಿಂದ ಸುರಹೊನ್ನೆ ಜಾತಿಯ ಪೂನ್ ಮರಗಳನ್ನು ಕೂವೆಕಂಬಕ್ಕೆಂದು ಕಡಿದು ಸಾಗಿಸುತ್ತಿದ್ದರು. ಹೆಬ್ಬಲಸಿನ ದಿಮ್ಮಿಗೆ ಇವತ್ತಿಗೂ ದೋಣಿ ಕಟ್ಟುವವರಲ್ಲಿ ಮರ್ಯಾದೆಯಿದೆ. ಕಬ್ಬಿಣದ ಯುಗ ಬಂದು ಮರವನ್ನು ಮೂಲೆಗೆ ತಳ್ಳಿ ನೂರು ವರ್ಷವಾದ ಮೇಲೆ, ಕಬ್ಬಿಣವನ್ನು ಪತ್ತೆಹಚ್ಚುವ ಮೈನು ಬಂದು ಮರವನ್ನು ವಾಪಸು ಕರೆಸಿತು.

ಮರದ ಹಡಗು ಎಂದ ಮಾತ್ರಕ್ಕೆ ಕಾಂತವಿಲ್ಲ ಎಂದಲ್ಲ. ಕ್ರ್ಯಾಂಕ್‌ಶಾಫ್ಟ್ ಇದೆ, ಲಂಗರಿನ ಸರಪಳಿ ಇದೆ, ತೋಪು ಇದೆ, ಅಡುಗೆಮನೆಯ ತಗಡಿನ ಡಬ್ಬಗಳಿವೆ. ಅಲ್ಯೂಮಿನಿಯಂ ಕಾಂತವಲ್ಲ, ಆದರೆ ಒಳ್ಳೆಯ ವಿದ್ಯುತ್ ವಾಹಕ. ಅಲೆಗೆ ಹಡಗು ಹೊರಳಿದಾಗ ಭೂಮಿಯ ಕ್ಷೇತ್ರದಲ್ಲಿ ತಿರುಗುವ ಆ ಪಕ್ಕೆಲುಬುಗಳಲ್ಲಿ ಸುಳಿವಿದ್ಯುತ್ತು ಹುಟ್ಟುತ್ತದೆ, ವಿದ್ಯುತ್ತು ಇದ್ದಲ್ಲಿ ಕಾಂತವೂ ಹುಟ್ಟುತ್ತದೆ. ಉಳಿದದ್ದನ್ನು ಅಳಿಸಲು ಹಡಗಿನ ಒಳಮೈಯ ಸುತ್ತ ತಂತಿಯ ಸುರುಳಿಗಳನ್ನು ಹಾಯಿಸುತ್ತಾರೆ. ಮೇಲೆ–ಕೆಳಗೆ ಒಂದು, ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು. ಅವುಗಳಲ್ಲಿ ಹರಿಸುವ ವಿದ್ಯುತ್ತು ಹಡಗಿನ ಕಾಂತಕ್ಕೆ ಸರಿಸಮ ವಿರುದ್ಧ ಕಾಂತವನ್ನು ಉಂಟುಮಾಡಬೇಕು. ಪ್ರಕೃತಿಯ ಒಂದು ಉಪಕಾರವೂ ಇದೆ: ಇಂಥ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ಆಳ ಇಮ್ಮಡಿಯಾದರೆ ತಳದಲ್ಲಿ ಕುಳಿತ ಮೈನಿಗೆ ತಲುಪುವುದು ಎಂಟರಲ್ಲಿ ಒಂದು ಪಾಲು. ಆದರೆ ಬಂದರಿನ ಬಾಯಿ ಆಳವಿರುವುದಿಲ್ಲವಲ್ಲ.

ಇಲ್ಲಿಯೇ ವರ್ಗಾವಣೆಯ ತೊಡಕು ಬರುವುದು. ಯೂರೋಪಿನ ಉತ್ತರದಲ್ಲಿ ಭೂಮಿಯ ಕಾಂತಕ್ಷೇತ್ರ ಕಡಿದಾಗಿ ನೆಲಕ್ಕೆ ಇಳಿಯುತ್ತದೆ. ಮುಂದೆ ನಮ್ಮ ಎರಡನೆಯ ಕಾರವಾರ ಬಂದ, ಬಾಲ್ಟಿಕ್ ತೀರದ ರೀಗಾದಲ್ಲಿ ಸುಮಾರು 70 ಡಿಗ್ರಿ. ನಮ್ಮಲ್ಲಿ ಅದು ಬಹುಮಟ್ಟಿಗೆ ಮಲಗಿರುತ್ತದೆ. ಕಾಂತದ ಸಮಭಾಜಕ ರೇಖೆ ಹಾದುಹೋಗುವುದು ಭಾರತದ ದಕ್ಷಿಣ ತುದಿಯ ಮೇಲೆ. 1963ರಲ್ಲಿ ಕೇರಳದ ತುಂಬಾ ಎಂಬಲ್ಲಿ ರಾಕೆಟ್ ಹಾರಿಸಲು ಶುರು ಮಾಡಿದ್ದಕ್ಕೆ ಅದೇ ಕಾರಣ. ಒಟ್ಟು ಬಲವೂ ಇಲ್ಲಿ ಕಡಿಮೆ, ಸುಮಾರು 40 ಸಾವಿರ ನ್ಯಾನೊಟೆಸ್ಲಾ. ಯೂರೋಪಿಗೆಂದು ತೂಗಿ ಮಾಡಿದ ದಿಕ್ಸೂಚಿಯನ್ನು ಸುಳ್ಯದಲ್ಲಿ ಮೇಜಿನ ಮೇಲಿಟ್ಟರೆ ಸೂಜಿ ಒಂದು ಕಡೆ ವಾಲುತ್ತದೆ, ಯಾಕೆಂದರೆ ಅಲ್ಲಿನ ಇಳಿಜಾರನ್ನು ಸರಿದೂಗಿಸಲು ಒಂದು ತುದಿಗೆ ತೂಕ ಹಾಕಿರುತ್ತಾರೆ. ಹಡಗಿನ ಮೇಲೆ–ಕೆಳಗಿನ ಸುರುಳಿಯ ಕಥೆಯೂ ಹೀಗೇ. ಬಾಲ್ಟಿಕ್‌ನಲ್ಲಿ ಹಡಗನ್ನು ಕಾಂತದ ಕಣ್ಣಿಗೆ ಮರೆಮಾಡುತ್ತಿದ್ದ ವಿದ್ಯುತ್ತು ಅರಬ್ಬಿ ಸಮುದ್ರದಲ್ಲಿ ಅತಿಯಾಗಿ, ತಾನೇ ಅದನ್ನು ಹಿಡಿದುಕೊಡುತ್ತದೆ. ಕಡಲು ಬದಲಿಸಿದ ಹಡಗು ಆದ್ದರಿಂದ ಹೊಸ ಊರಿನಲ್ಲಿ, ತಳದಲ್ಲಿ ಕಾಂತಮಾಪಕಗಳನ್ನು ಹೂತಿಟ್ಟ ಜಾಗದ ಮೇಲೆ ಹಿಂದೆ ಮುಂದೆ ಓಡಬೇಕು, ಒಂದೊಂದು ದಿಕ್ಕಿಗೂ ಸುರುಳಿಗಳ ಲೆಕ್ಕವನ್ನು ಹೊಸತಾಗಿ ಹಾಕಬೇಕು.

ಕಬ್ಬಿಣ ಬಿಟ್ಟ ಹಡಗಿಗೆ ನೆಲದ ಮೇಲೆ ಒಂದು ಜೋಡಿ ಇದೆ, ಅಲಿಬಾಗಿನಲ್ಲಿ. ಮುಂಬಯಿಯ ಕೊಲಾಬಾದಲ್ಲಿ ಭೂಕಾಂತ ಅಳೆಯುತ್ತಿದ್ದ ವೇಧಶಾಲೆಗೆ ವಿದ್ಯುತ್ ಟ್ರಾಮು ಬರುತ್ತದೆಂದು ಗೊತ್ತಾದಾಗ 1904ರಲ್ಲಿ ಆ ಕೆಲಸವನ್ನು ಅಲಿಬಾಗಿಗೆ ಸಾಗಿಸಿದರು. ಅಲ್ಲಿನ ಕಟ್ಟಡಕ್ಕೆ ಪೋರಬಂದರಿನ ಮರಳುಗಲ್ಲು, ಹಿತ್ತಾಳೆ ತಾಮ್ರದ ಜೋಡಣೆ. ಕಬ್ಬಿಣದ ಮೊಳೆಗೆ ಪ್ರವೇಶವಿಲ್ಲ. ನಮ್ಮ ಮುರಕಲ್ಲನ್ನು ಅಂಥ ಕಡೆ ಬಳಸುವ ಹಾಗಿಲ್ಲ. ಅದರ ಕೆಂಪೆಲ್ಲ ಕಬ್ಬಿಣದ್ದು; ಪುತ್ತೂರಿನ ಗುಡ್ಡದ ಒಣ ಮುರಕಲ್ಲ ಪುಡಿಯ ಮೇಲೆ ಒಳ್ಳೆಯ ಆಯಸ್ಕಾಂತ ಆಡಿಸಿ ನೋಡಿ, ಒಂದಿಷ್ಟು ಕಣ ಹತ್ತಿಕೊಳ್ಳುತ್ತವೆ.

ಕಾಂತ ಅಡಗಿಸಿದರೆ ಮುಗಿಯಲಿಲ್ಲ, ಸದ್ದೂ ಅಡಗಬೇಕು. ಎರಡನೇ ಮಹಾಯುದ್ಧದ ನಡುವೆಯೇ ಪ್ರೊಪೆಲ್ಲರಿನ ಸದ್ದಿಗೆ ಸಿಡಿಯುವ ಮೈನುಗಳು ಬಂದವು. ಅದಕ್ಕೇ ಇಂಥ ಹಡಗುಗಳ ಎಂಜಿನ್, ಜನರೇಟರ್‌ಗಳನ್ನು ರಬ್ಬರಿನ ಮೆತ್ತೆಯ ಮೇಲೆ ಕೂರಿಸುತ್ತಾರೆ. ಮೆತ್ತನೆಯ ರಬ್ಬರು ತಾನೇ ಅಲುಗಾಡಿ, ಕಂಪನದ ಹೆಚ್ಚಿನ ಪಾಲನ್ನು ಹೊರಮೈಗೆ ದಾಟಲು ಬಿಡುವುದಿಲ್ಲ. ಹತ್ತಿರದಲ್ಲೇ ಮೈನು ಸಿಡಿದರೆ ಯಂತ್ರಗಳನ್ನು ಕಾಪಾಡುವುದೂ ಇದೇ ಮೆತ್ತೆ. ಸುಳ್ಯ, ಕಡಬದ ಗುಡ್ಡಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಟ್ಯಾಪಿಂಗ್ ಮಾಡಿ ತೆಗೆಯುವ ಹಾಲು ಇಂಥ ಕೆಲಸಕ್ಕೆ ಯಾಕೆ ಬೇಕು, ಕೃತಕ ರಬ್ಬರು ಸಾಲದೇ ಎಂದು ಕೇಳಬಹುದು. ಎಣ್ಣೆ ತಾಗುವಲ್ಲಿ ಕೃತಕವೇ ಮೇಲು. ಲಕ್ಷಾಂತರ ಸಲ ಅಮುಕಿ ಬಿಟ್ಟರೂ ದಣಿಯದೆ ಮೊದಲಿನ ಆಕಾರಕ್ಕೆ ಬರುವ ಗುಣದಲ್ಲಿ ಮಾತ್ರ ಮರದ ರಬ್ಬರನ್ನು ಮೀರಿಸುವುದು ಕಷ್ಟ.

ಓವರ್ಟನ್, ಅಂದರೆ ನಮ್ಮ ಮೊದಲ ಕಾರವಾರ, ಮೈನ್‌ಸ್ವೀಪರ್. ಮೈನ್‌ಹಂಟರ್ ಅಲ್ಲ. ಎರಡಕ್ಕೂ ಇರುವ ಅಂತರ ತೋಟ ಗುಡಿಸುವುದಕ್ಕೂ ಹುಲ್ಲಿನೆಡೆಯ ಹಣ್ಣಡಕೆಯನ್ನು ಒಂದೊಂದಾಗಿ ಹೆಕ್ಕುವುದಕ್ಕೂ ಇರುವಂಥದ್ದು. ಸ್ವೀಪರ್ ತನ್ನ ಹಿಂದೆ ಉದ್ದದ ಉಕ್ಕಿನ ಹಗ್ಗ ಎಳೆಯುತ್ತದೆ; ಹಗ್ಗಕ್ಕೆ ಕತ್ತರಿಗಳಿರುತ್ತವೆ, ಮೈನಿನ ಸರಪಳಿ ಸಿಕ್ಕಿ ತುಂಡಾಗಿ ಮೈನು ಮೇಲೆ ತೇಲುತ್ತದೆ, ತೋಪಿನಿಂದ ಹೊಡೆಯುತ್ತಾರೆ. ಕಾಂತದ ಮೈನಿಗೆ ವಿದ್ಯುತ್ ಹರಿಯುವ ಕೇಬಲ್ಲು, ಸದ್ದಿನ ಮೈನಿಗೆ ನೀರಿನೊಳಗೆ ಬಡಿಯುವ ಸುತ್ತಿಗೆ. ಒಟ್ಟಿನಲ್ಲಿ ದೊಡ್ಡ ಹಡಗೊಂದು ಬಂತು ಎಂದು ಮೈನಿಗೆ ಮಂಕುಬೂದಿ ಎರಚುವುದು. ಮೈನುಗಳೂ ಜಾಣವಾದವು. ಮೊದಲ ನಾಲ್ಕು ಹಡಗನ್ನು ಸುಮ್ಮನೆ ಬಿಟ್ಟು ಐದನೆಯದಕ್ಕೆ ಸಿಡಿಯುವಂತೆ ಎಣಿಕೆ ಕಲಿತವು. 1944ರಲ್ಲಿ ನಾರ್ಮಂಡಿಯ ತೀರದಲ್ಲಿ ಜರ್ಮನರು ಒತ್ತಡದ ಮೈನು ತಂದರು. ದೊಡ್ಡ ಹಡಗು ಮೇಲೆ ಹಾದಾಗ ತಳದ ನೀರಿನ ಒತ್ತಡ ಒಂದಿಷ್ಟು ಇಳಿಯುತ್ತದೆ, ಅದನ್ನು ಗುರುತಿಸಿ ಸಿಡಿಯುವಂಥದು. ಆ ಒತ್ತಡವನ್ನು ನಟಿಸಲು ದೊಡ್ಡ ಹಡಗೇ ಬೇಕು. ಅಲ್ಲಿಗೆ ಗುಡಿಸುವ ವಿದ್ಯೆಗೆ ಮಿತಿ ಬಂತು, ಹೆಕ್ಕುವುದು ಅನಿವಾರ್ಯವಾಯಿತು. 1960ರ ದಶಕದಲ್ಲಿ ಓವರ್ಟನ್‌ನ ತಂಗಿ ಕಿರ್ಕ್‌ಲಿಸ್ಟನ್ ಎಂಬ ಹಡಗಿಗೆ ಸೋನಾರ್ ಕೂರಿಸಿ ಬ್ರಿಟನ್ ತನ್ನ ಮೊದಲ ಮೈನ್‌ಹಂಟರ್ ಮಾಡಿಕೊಂಡಿತು. ತಳಕ್ಕೆ ಶಬ್ದ ಕಳಿಸಿ, ಮರುದನಿಯಲ್ಲಿ ಆಕಾರ ನೋಡಿ, ಅನುಮಾನ ಬಂದ ಪ್ರತಿ ವಸ್ತುವಿನ ಬಳಿಗೂ ಮುಳುಗುಗಾರನನ್ನೋ ತಂತಿಯ ತುದಿಯ ಯಂತ್ರವನ್ನೋ ಕಳಿಸುವ ಕೆಲಸ. 1973ರಲ್ಲಿ ವಿಲ್ಟನ್ ಎಂಬ ಹಡಗು ಮಹಾಗನಿಯನ್ನೂ ಬಿಟ್ಟು ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ಕಿನ ಒಡಲಿನೊಂದಿಗೆ ಬಂತು.

ಇಂಗ್ಲೆಂಡಿನ ಮರದ ಹಡಗು ಉಷ್ಣವಲಯದ ಕಡಲಿಗೆ ಬಂದಾಗ ಇನ್ನೊಂದು ಶತ್ರು ಕಾದಿರುತ್ತದೆ, ಹಡಗುಹುಳು. ಹುಳು ಎನ್ನುತ್ತಾರೆ, ನಿಜದಲ್ಲಿ ಅದು ಮರುವಾಯಿಯ ಜಾತಿಯ ಚಿಪ್ಪುಪ್ರಾಣಿ. ಚಿಪ್ಪು ಸಣ್ಣಗಾಗಿ ಬೈರಿಗೆಯ ಅಲಗಾಗಿದೆ. ಬೆಚ್ಚಗಿನ ಉಪ್ಪುನೀರಿನಲ್ಲಿ ಅದು ಮರವನ್ನು ಒಳಗಿನಿಂದ ಜರಡಿ ಮಾಡುತ್ತದೆ. ಸಿಹಿನೀರು ಅದಕ್ಕೆ ಆಗದು. ಮಳೆಗಾಲದಲ್ಲಿ ದೋಣಿಯನ್ನು ಹೊಳೆಯ ಒಳಗೆ ತಂದು ಕಟ್ಟಿದರೆ ಹುಳು ಸಾಯುತ್ತದೆ. ನೌಕಾಪಡೆಯ ಹಡಗನ್ನು ಹಾಗೆ ನದಿಯಲ್ಲಿ ಕಟ್ಟಿಡಲು ಬರುವುದಿಲ್ಲ; ಒಡಲಿಗೆ ಕವಚ ಬೇಕು, ಆಗಾಗ ಮೇಲೆತ್ತಿ ನೋಡಬೇಕು. ಮರದ ಯುದ್ಧನೌಕೆ ಕೊಳ್ಳುವಾಗ ಅಗ್ಗ, ಸಾಕುವಾಗ ದುಬಾರಿ.

ಭಾರತದ ಪಾಲಿಗೆ ಪ್ಲಾಸ್ಟಿಕ್ ಒಡಲು ಬಂದದ್ದು ಸೋವಿಯತ್ ಒಕ್ಕೂಟದಿಂದ. 1983–84ರಲ್ಲಿ ಆರು ಪುಟ್ಟ ಹಡಗುಗಳು ಸೇರಿದವು: ಮಾಹೆ, ಮಾಳವಣ, ಮಾಂಗ್ರೋಲ್, ಮಗ್ದಲಾ, ಮತ್ತೆ ನಮ್ಮ ಮಲ್ಪೆ, ಮುಲ್ಕಿ. ಇಪ್ಪತ್ತೈದು ಮೀಟರಿನಷ್ಟು ಉದ್ದ, ತೊಂಬತ್ತು ಟನ್ನಿನಷ್ಟು ಭಾರ. ನೆಲೆ ಕೊಚ್ಚಿ. ಶಾಂಭವಿಯ ಬಾಯಿಯ ಮೀನುಗಾರರ ಊರು ಮುಲ್ಕಿಯ ಹೆಸರು ಯುದ್ಧನೌಕೆಯ ಮೇಲಿತ್ತು ಎಂದು ಹೇಳಿದರೆ ಆ ಊರಿನವರೇ ಎಷ್ಟೋ ಮಂದಿ ಹುಬ್ಬೇರಿಸುತ್ತಾರೆ. ಹಡಗು ಚಿಕ್ಕದಾದರೂ ಈ ವಿನ್ಯಾಸದಲ್ಲಿ ಒಂದು ಬೇಟೆಗಾರನ ಗುಣವಿತ್ತು: ನೀರಿನೊಳಗೆ ಎಳೆಯುವ ಟೆಲಿವಿಷನ್ ಕ್ಯಾಮೆರಾ, ಮೂವತ್ತು ಮೀಟರಿನವರೆಗೆ ತಳವನ್ನು ನೋಡಲಿಕ್ಕೆ. ಬಾಲ್ಟಿಕ್‌ನ ತಣ್ಣೀರಿಗೆ ಇದು ಜಾಣ ಯೋಚನೆ. ಆದರೆ ಆಟಿ ತಿಂಗಳಲ್ಲಿ ಶಾಂಭವಿಯ ಅಳಿವೆಯ ಹೊರಗೆ ಆ ಕ್ಯಾಮೆರಾ ಇಳಿಸಿದರೆ? ಒಂದು ಮೊಳದ ಆಚೆ ಕೆಂಪು ಮಬ್ಬು ಬಿಟ್ಟು ಏನೂ ಕಾಣದು.

ನಮ್ಮ ಅಳಿವೆಗಳ ಇಂಥ ಕೆಂಪು ಎಲ್ಲಿಂದ ಬರುತ್ತದೆ ಎಂದು ನೋಡಿದರೆ ನಾವು ಘಟ್ಟದ ಬುಡಕ್ಕೇ ವಾಪಸು ಬರಬೇಕಾಗುತ್ತದೆ. ಕುಮಾರಪರ್ವತದ ಮೇಲೆ ಬಿದ್ದ ಮಳೆ ಕುಮಾರಧಾರೆಯಾಗಿ ಸುಬ್ರಹ್ಮಣ್ಯ, ಕಡಬದ ಕಡೆಯ ನೆಲವನ್ನೆಲ್ಲ ತೊಳೆದುಕೊಂಡು ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ, ಅಲ್ಲಿಂದ ಮಂಗಳೂರಿನ ಹಳೇ ಬಂದರಿನ ಬಾಯಿಗೆ. ಸುಳ್ಯದ ಪಯಸ್ವಿನಿ ಕಾಸರಗೋಡಿಗೆ ಹೋಗಿ ಚಂದ್ರಗಿರಿಯಾಗುತ್ತದೆ. ಈ ನೀರು ಕಡಲಿಗೆ ಸೇರಿದ ಕೂಡಲೇ ಬೆರೆಯುವುದಿಲ್ಲ. ಹಗುರವಾದ ಸಿಹಿನೀರು ಮೇಲೆ, ಭಾರದ ಉಪ್ಪುನೀರು ಕೆಳಗೆ, ಎರಡು ಪದರವಾಗಿ ನಿಲ್ಲುತ್ತವೆ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರು ಓಡುತ್ತದೆ; ಒಂದು ಡಿಗ್ರಿ ಬಿಸಿ ಏರಿದರೆ ಮೂರು ಮೀಟರಿನಷ್ಟು ಹೆಚ್ಚು, ಸಾವಿರಕ್ಕೆ ಒಂದು ಪಾಲು ಉಪ್ಪು ಹೆಚ್ಚಾದರೆ ಒಂದು ಮೀಟರಿಗಿಂತ ತುಸು ಹೆಚ್ಚು. ಪೂರಾ ಸಿಹಿಗೂ ಪೂರಾ ಉಪ್ಪಿಗೂ ಮೂವತ್ತು ನಲವತ್ತು ಮೀಟರಿನ ವ್ಯತ್ಯಾಸ. ವೇಗ ಬದಲಾಗುವ ಗಡಿಯಲ್ಲಿ ಶಬ್ದ ಬಾಗುತ್ತದೆ. ಸೋನಾರಿನ ಪರದೆಯ ಮೇಲೆ ಒಂದು ಕಡೆ ಕಂಡ ವಸ್ತು ನಿಜದಲ್ಲಿ ಇನ್ನೊಂದು ಕಡೆ ಇರುತ್ತದೆ, ಇಲ್ಲವೇ ಕಾಣುವುದೇ ಇಲ್ಲ.

ಕೆಸರಿನ ಕಾಟ ಇನ್ನೊಂದು ತೆರನದು. ಮೆತ್ತನೆಯ ತಳಕ್ಕೆ ಭಾರದ ಮೈನು ಬಿದ್ದರೆ ಅರ್ಧ ಹೂತುಹೋಗುತ್ತದೆ, ಮಳೆಗಾಲದ ಹೊಸ ಹೂಳು ಉಳಿದದ್ದನ್ನು ಮುಚ್ಚುತ್ತದೆ. ಮೈನಿಗೆ ಅದರಿಂದ ಏನೂ ನಷ್ಟವಿಲ್ಲ, ಕಾಂತಕ್ಕೆ ಕೆಸರು ಅಡ್ಡವಲ್ಲ. ನಷ್ಟ ಹುಡುಕುವವನಿಗೆ. ಜೊತೆಗೆ ನದಿ ತಂದ ಸಾಮಾನು. ಮೈನಲ್ಲದ, ಆದರೆ ಸೋನಾರಿಗೆ ಮೈನಿನಂತೆ ಕಾಣುವ ವಸ್ತುಗಳ ಪಟ್ಟಿಯೇ ಮೈನ್‌ಹಂಟರ್‌ನ ನಿತ್ಯದ ಗೋಳು: ಟಯರು, ಡ್ರಮ್ಮು, ಕಳಚಿದ ಲಂಗರು, ಮತ್ತೆ ಮರದ ದಿಮ್ಮಿ. 2018ರ ಆಗಸ್ಟಿನಲ್ಲಿ ಸಂಪಾಜೆಯ ಮೇಲೆ ಜೋಡುಪಾಲದಲ್ಲಿ ಗುಡ್ಡ ಜಾರಿದಾಗ ಹೊಳೆ ಮಣ್ಣನ್ನು ಮಾತ್ರ ಹೊತ್ತು ಇಳಿಯಲಿಲ್ಲ, ಬುಡಸಮೇತ ಮರಗಳನ್ನೂ ಹೊತ್ತಿತು. ನೀರು ಕುಡಿದು ಮುಳುಗಿದ ದಿಮ್ಮಿಯ ತುಂಡು ಮಂದವಾದ ಉರುಳೆ, ಮೈನೂ ಉರುಳೆ. ಯುದ್ಧವಿಲ್ಲದ ಕಾಲದಲ್ಲಿ ಮೈನ್‌ಹಂಟರ್‌ಗಳು ಮಾಡುವ ಮುಖ್ಯ ಕೆಲಸ, ತಮ್ಮ ಬಂದರಿನ ತಳವನ್ನು ಮತ್ತೆ ಮತ್ತೆ ನೋಡಿ ನಕಾಶೆ ಬರೆದಿಡುವುದು; ನಿನ್ನೆ ಇಲ್ಲದ್ದು ಇವತ್ತು ಕಂಡರೆ ಮಾತ್ರ ಹೋಗಿ ನೋಡಿದರಾಯಿತು. ಆದರೆ ನಮ್ಮ ಕರಾವಳಿಯಲ್ಲಿ ಪ್ರತಿ ಸೆಪ್ಟೆಂಬರಿಗೆ ತಳವೇ ಹೊಸತು. ಇಂಗ್ಲಿಷ್ ಕಾಲುವೆಗೆಂದೋ ಬಾಲ್ಟಿಕ್‌ಗೆಂದೋ ರೂಪಿಸಿದ ಪದ್ಧತಿ ಇಲ್ಲಿ ಇದ್ದಹಾಗೇ ನಡೆಯದು.

ಎರಡನೆಯ ಕಾರವಾರದ ಕಥೆಗೆ ಬರೋಣ. ಹಳೆಯ ಮರದ ಕಾರವಾರ ಹೋದ ಮೇಲೆ ಆ ಹೆಸರು 1986ರಲ್ಲಿ ರೀಗಾದಲ್ಲಿ ಸೇವೆಗೆ ಸೇರಿದ ಸೋವಿಯತ್ ಹಡಗಿಗೆ ಹೋಯಿತು. ಪಾಂಡಿಚೇರಿ ವರ್ಗದ ಹನ್ನೆರಡು ಹಡಗುಗಳಲ್ಲಿ ಇದು ಎರಡನೇ ಕಂತಿನದು. 61 ಮೀಟರು ಉದ್ದ, ಕಡಿಮೆ ಕಾಂತಗುಣದ ಉಕ್ಕಿನ ಒಡಲು, ಎಂಟುನೂರು ಟನ್ನಿನ ಆಸುಪಾಸಿನ ಭಾರ. ಹಳೆಯ ಕಾರವಾರಕ್ಕಿಂತ ಎಲ್ಲದರಲ್ಲೂ ದೊಡ್ಡದು. ಇದರ ವರ್ಗಾವಣೆಯಲ್ಲಿ ಬದಲಾದದ್ದು ಕಾಂತ ಮಾತ್ರವಲ್ಲ. ಬಾಲ್ಟಿಕ್‌ನ ಮೇಲ್ಪದರದ ನೀರಿನಲ್ಲಿ ಉಪ್ಪು ಸಾವಿರಕ್ಕೆ ಏಳು ಪಾಲಿನಷ್ಟು, ಅರಬ್ಬಿ ಸಮುದ್ರದಲ್ಲಿ 35–36. ಕಾಂತದ ಮೈನು ಸಿಡಿಸಲು ಎಳೆಯುವ ಕೇಬಲ್ಲಿನ ಒಂದು ಬಗೆಯಲ್ಲಿ ವಿದ್ಯುತ್ತು ಸಮುದ್ರದ ನೀರಿನ ಮೂಲಕವೇ ಹಿಂದಿರುಗುತ್ತದೆ. ಉಪ್ಪೂ ಬಿಸಿಯೂ ಹೆಚ್ಚಿದ್ದಷ್ಟು ನೀರು ಒಳ್ಳೆಯ ವಾಹಕ. ನಮ್ಮ ಕಡಲು ಬಾಲ್ಟಿಕ್‌ಗಿಂತ ಹಲವು ಪಟ್ಟು ಒಳ್ಳೆಯ ವಾಹಕ. ಹಾಗಾಗಿ ಅಲ್ಲಿನ ಲೆಕ್ಕ ಇಲ್ಲಿಗೆ ಕೂಡದು. ಎಂಜಿನ್ ತಣಿಸಲು ಎಳೆದುಕೊಳ್ಳುವ ನೀರೂ ಇಲ್ಲಿ ಬೆಚ್ಚಗೆ, ಕೊಳವೆಗಳೊಳಗೆ ಚಿಪ್ಪುಹುಳು ಬೆಳೆಯುವ ವೇಗವೂ ಬೇರೆ.

ಮೂವತ್ತು ವರ್ಷ ದುಡಿದು ಕಾರವಾರ, ಜೊತೆಯ ಕಾಕಿನಾಡದೊಂದಿಗೆ, 2017ರ ಮೇ ತಿಂಗಳಲ್ಲಿ ನಿವೃತ್ತವಾಯಿತು. ಈ ಸಾಲಿನ ಕೊನೆಯ ಹಡಗು ಕೋಝಿಕ್ಕೋಡ್ 2019ರಲ್ಲಿ ಹೋಯಿತು. ಅಲ್ಲಿಗೆ, ಆಗಿನ ಲೆಕ್ಕದಲ್ಲಿ ಏಳೂವರೆ ಸಾವಿರ ಕಿಲೋಮೀಟರಿನ ಕರಾವಳಿ ಇದ್ದ ದೇಶಕ್ಕೆ ಮೈನಿಗೆಂದೇ ಮೀಸಲಾದ ಒಂದು ಹಡಗೂ ಉಳಿಯಲಿಲ್ಲ. ಗೋವಾ ಶಿಪ್‌ಯಾರ್ಡಿನಲ್ಲಿ ದಕ್ಷಿಣ ಕೊರಿಯಾದ ಕಾಂಗ್ನಾಮ್ ಕಂಪನಿಯ ಜೊತೆ ಹನ್ನೆರಡು ಹಡಗು ಕಟ್ಟುವ, ಸುಮಾರು 32,000 ಕೋಟಿ ರೂಪಾಯಿಯ ಯೋಜನೆ ವರ್ಷಗಟ್ಟಲೆ ಎಳೆದು 2018ರಲ್ಲಿ ಮುರಿದುಬಿದ್ದಿತ್ತು. ವಿಮಾನವಾಹಕ ನೌಕೆಗೆ ಸಿಗುವ ಗಮನ ಇಂಥ ಕಸಬರಿಕೆ ಹಡಗಿಗೆ ಯಾವ ದೇಶದಲ್ಲೂ ಸಿಗುವುದಿಲ್ಲ. ನಮ್ಮಲ್ಲಿ ಆ ತಾತ್ಸಾರ ಸ್ವಲ್ಪ ಅತಿಯಾಯಿತು ಎಂದೇ ನನ್ನ ಅನಿಸಿಕೆ.

ಹಳೇ ಮೈನ್‌ಹಂಟರ್ ಕೊಂಡು ಕಾಲ ತಳ್ಳುವ ದಾರಿಯೂ ಇದೆ. ಪಾಕಿಸ್ತಾನ 1992ರಲ್ಲಿ ಫ್ರೆಂಚ್ ನೌಕಾಪಡೆಯಿಂದ 'ಸಾಜಿತೇರ್' ಎಂಬ ಪ್ಲಾಸ್ಟಿಕ್ ಒಡಲಿನ ಮೈನ್‌ಹಂಟರ್ ತೆಗೆದುಕೊಂಡು 'ಮುನ್ಸಿಫ್' ಎಂದು ಹೆಸರಿಟ್ಟಿತು. ಆದರೆ ವರ್ಗಾವಣೆ ಯಾವಾಗಲೂ ಅಷ್ಟು ಸಲೀಸಲ್ಲ. ಬ್ರಿಟನ್ ತನ್ನ ಗ್ರಿಮ್ಸ್‌ಬಿ ಮತ್ತು ಶೋರ್‌ಹ್ಯಾಮ್ ಹಡಗುಗಳನ್ನು ಉಕ್ರೇನಿಗೆ ಕೊಟ್ಟಿತು. ಅವು ಚೆರ್ನಿಹಿವ್, ಚೆರ್ಕಾಸಿ ಆದವು, ನಾವಿಕರು ತರಬೇತಾದರು. ಕೆಲಸ ಇದ್ದದ್ದು ಕಪ್ಪು ಸಮುದ್ರದಲ್ಲಿ. ಅಲ್ಲಿಗೆ ಹೋಗಲು ಟರ್ಕಿಯ ಜಲಸಂಧಿ ದಾಟಬೇಕು. 1936ರ ಮಾಂಟ್ರೋ ಒಪ್ಪಂದದಂತೆ ಯುದ್ಧ ಮುಗಿಯುವ ತನಕ ಯುದ್ಧನಿರತ ದೇಶದ ನೌಕೆಗಳನ್ನು ಬಿಡುವುದಿಲ್ಲ ಎಂದು 2024ರ ಜನವರಿಯಲ್ಲಿ ಟರ್ಕಿ ಹೇಳಿತು. ಬಾವುಟ ಬದಲಾಯಿತು, ಕಡಲು ಸಿಗಲಿಲ್ಲ.

ನಮ್ಮ ಮಲ್ಪೆ, ಮುಲ್ಕಿ ಹೆಸರುಗಳು ಮರಳಿ ಬಂದಿವೆ. 2024ರ ಸೆಪ್ಟೆಂಬರಿನಲ್ಲಿ ಕೊಚ್ಚಿ ಶಿಪ್‌ಯಾರ್ಡಿನಲ್ಲಿ ಒಂದೇ ದಿನ ಎರಡೂ ನೀರಿಗಿಳಿದವು. ಈ ಹೊಸ ಹಡಗುಗಳ ಮುಖ್ಯ ಕೆಲಸ ಕರಾವಳಿಯ ಆಳವಿಲ್ಲದ ನೀರಿನಲ್ಲಿ ಜಲಾಂತರ್ಗಾಮಿಗಳನ್ನು ಬೆನ್ನಟ್ಟುವುದು. ಮೈನು ಬಿತ್ತುವ ಸಾಮರ್ಥ್ಯವೂ ಇದೆ, ಹೆಕ್ಕುವುದು ಇವುಗಳ ಕಸಬಲ್ಲ. ಹೆಕ್ಕುವ ಹಡಗುಗಳಿಗೆ ರಕ್ಷಣಾ ಖರೀದಿ ಮಂಡಳಿ 2025ರ ಜುಲೈಯಲ್ಲಿ ತಾತ್ವಿಕ ಒಪ್ಪಿಗೆ ಕೊಟ್ಟಿತು. ಈ ಸಲ ದೇಶದಲ್ಲೇ ಕಟ್ಟಬೇಕೆಂಬುದು ನಿಬಂಧನೆ. 1960ರ ದಶಕದ ಕೊನೆಗೆ ಮುಂಬಯಿಯ ಮಜಗಾಂವ್ ಡಾಕಿನಲ್ಲಿ ಹುಟ್ಟಿದ ಸಣ್ಣ ಭಟ್ಕಳ, ಬಲ್ಸಾರ್‌ಗಳನ್ನು ಬಿಟ್ಟರೆ ಸ್ವಾತಂತ್ರ್ಯದ ನಂತರದ ನಮ್ಮ ಮೈನು ಹಡಗುಗಳೆಲ್ಲ ಹುಟ್ಟೂರಿನ ಕಾಂತವನ್ನು ಹೊತ್ತೇ ಬಂದವು. ಮುಂದಿನವು ಗೋವಾದಲ್ಲೋ ಕೊಚ್ಚಿಯಲ್ಲೋ ಹುಟ್ಟಿದರೆ ಅವುಗಳ ಎಂಜಿನ್ನಿಗೆ, ಶಾಫ್ಟಿಗೆ, ಸರಪಳಿಗೆ ಮೊದಲ ದಿನದಿಂದಲೇ ಈ ತೀರದ ಮಲಗಿದ ಕಾಂತಕ್ಷೇತ್ರ. ಸುರುಳಿಗಳ ಲೆಕ್ಕ ಒಂದಿಷ್ಟು ಹಗುರವಾಗುತ್ತದೆ. ನೇತ್ರಾವತಿಯ ಕೆಸರಿನ ಲೆಕ್ಕವನ್ನು ಆಗಲೂ ಪ್ರತಿ ಮಳೆಗಾಲದ ನಂತರ ಹೊಸತಾಗಿಯೇ ಹಾಕಬೇಕು.